ಸೇತುವೆಯ ಮೇಲಿನ ಮಕ್ಕಳು

ಕೋಪನ್‌ಹೇಗನ್ನಿನ ರಾಯಲ್ ಥಿಯೇಟರಿನಲ್ಲಿ 'ನಪೋಲಿ' ಎಂಬ ಬ್ಯಾಲೆಯ ಮೂರನೆಯ ಅಂಕಕ್ಕೆ ತೆರೆ ಎದ್ದಾಗ ರಂಗದ ಹಿಂಭಾಗದಲ್ಲಿ ಅಡ್ಡಲಾಗಿ ಒಂದು ಸೇತುವೆ ಕಾಣುತ್ತದೆ. ಅದರ ಮೇಲೆ ಮಕ್ಕಳು ಕಿಕ್ಕಿರಿದು ನಿಂತಿರುತ್ತಾರೆ. ಕೆಳಗೆ ಬೆಸ್ತರ ಹುಡುಗ ಜೆನಾರೊ ಹಾಗೂ ಅವನ ಪ್ರೇಯಸಿ ತೆರೆಸಿನಾ ಒಂದಾದ ಸಂಭ್ರಮ. ಕುಣಿತದ ಮೇಲೆ ಕುಣಿತ. ಮಕ್ಕಳಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ನೋಡುವುದು, ಕೈ ಬೀಸುವುದು, ಚಪ್ಪಾಳೆ ತಟ್ಟುವುದು, ಇಷ್ಟೆ.

ಇವರೆಲ್ಲ ಅದೇ ರಂಗಮಂದಿರದ ನೃತ್ಯಶಾಲೆಯ ವಿದ್ಯಾರ್ಥಿಗಳು. ಒಂದು ದಿನ ಇವರಲ್ಲಿ ಕೆಲವರು ಸೇತುವೆ ಇಳಿದು ಬಂದು ಕೆಳಗೆ ಕುಣಿಯುತ್ತಾರೆ. ಮೇಲಿನ ಜಾಗಕ್ಕೆ ಬೇರೆ ಮಕ್ಕಳು ಬರುತ್ತಾರೆ. 1842ರಲ್ಲಿ ಮೊದಲು ಪ್ರದರ್ಶನಗೊಂಡ ಈ ಬ್ಯಾಲೆಯ ಹೆಜ್ಜೆಗಳು ಹೀಗೆ ಕಣ್ಣಿನಿಂದ ಕಣ್ಣಿಗೆ, ಮೈಯಿಂದ ಮೈಗೆ ದಾಟುತ್ತ ಇಂದಿನವರೆಗೆ ಬಂದಿವೆ.

ರಾಯಲ್ ಡ್ಯಾನಿಷ್ ಬ್ಯಾಲೆ ಜಗತ್ತಿನ ಅತಿ ಹಳೆಯ ನೃತ್ಯ ಸಂಸ್ಥೆಗಳಲ್ಲಿ ಒಂದು. ಅದರ ಮನೆಯಾದ ರಾಯಲ್ ಥಿಯೇಟರ್ ಆರಂಭವಾದದ್ದು 1748ರಲ್ಲಿ. ನೃತ್ಯಶಾಲೆ ಆರಂಭವಾದದ್ದು 1771ರಲ್ಲಿ. ಇಷ್ಟು ಹಳೆಯ ಆಸ್ತಿ ಇರುವ ಮನೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಅಜ್ಜನ ಆಸ್ತಿಯನ್ನು ಇದ್ದ ಹಾಗೆಯೇ ಕಾಯಬೇಕೆ, ಇಲ್ಲ ಮೊಮ್ಮಕ್ಕಳ ಅಗತ್ಯಕ್ಕೆ ತಕ್ಕಂತೆ ಬಳಸಬೇಕೆ? ಡೆನ್ಮಾರ್ಕ್ ಈ ಪ್ರಶ್ನೆಗೆ ಒಂದೂವರೆ ಶತಮಾನದಿಂದ ಉತ್ತರ ಹುಡುಕುತ್ತಿದೆ. ಆ ಹುಡುಕಾಟದಲ್ಲಿ ಗಳಿಸಿದ್ದೂ ಇದೆ, ಕಳೆದುಕೊಂಡದ್ದೂ ಇದೆ.

ಪ್ಯಾರಿಸಿನಿಂದ ಬಂದ ವಿದ್ಯೆ

ಈ ಆಸ್ತಿಯನ್ನು ಕಟ್ಟಿದವರು ಆಗಸ್ಟ್ ಬೂರ್ನನ್‌ವಿಲ್ (1805–1879). ಹುಟ್ಟಿದ್ದು ಕೋಪನ್‌ಹೇಗನ್ನಿನಲ್ಲಿ. ತಂದೆ ಆಂತ್ವಾನ್ ಫ್ರಾನ್ಸಿನಿಂದ ಬಂದು ನೆಲೆಸಿದ ನರ್ತಕ. ಮಗ ಪ್ಯಾರಿಸಿಗೆ ಹೋಗಿ, ಆ ಕಾಲದ ಪ್ರಖ್ಯಾತ ಗುರು ಆಗಸ್ಟ್ ವೆಸ್ಟ್ರಿಸ್ ಅವರ ಬಳಿ ಕಲಿತು, ಅಲ್ಲಿನ ಒಪೆರಾದಲ್ಲೇ ಕುಣಿದು, ಹುಟ್ಟೂರಿಗೆ ಮರಳಿದರು. 1830ರಲ್ಲಿ ಬ್ಯಾಲೆಯ ಹೊಣೆ ಹೊತ್ತವರು, ನಡುನಡುವೆ ವಿಯೆನ್ನಾ ಮತ್ತು ಸ್ಟಾಕ್‌ಹೋಮ್‌ಗಳಲ್ಲಿ ಕಳೆದ ವರ್ಷಗಳನ್ನು ಬಿಟ್ಟರೆ, 1877ರವರೆಗೂ ಅಲ್ಲೇ ದುಡಿದರು. ಅವರು ರಚಿಸಿದ ಬ್ಯಾಲೆಗಳ ಸಂಖ್ಯೆ ಸುಮಾರು ಐವತ್ತು.

ಇಂದು 'ಪರಂಪರೆ' ಎಂದು ಡೇನರು ಯಾವುದನ್ನು ಕೈಮುಗಿದು ಕಾಯುತ್ತಾರೋ ಅದು ತನ್ನ ಕಾಲದಲ್ಲಿ ಹೊಚ್ಚ ಹೊಸದಾಗಿತ್ತು. 'ಲಾ ಸಿಲ್ಫಿಡ್' ಅನ್ನೇ ನೋಡಿ. ಸ್ಕಾಟ್ಲೆಂಡಿನ ಜೇಮ್ಸ್ ಎಂಬ ಯುವಕ ತನ್ನ ಮದುವೆಯ ದಿನವೇ, ಮನುಷ್ಯಳಲ್ಲದ ಒಬ್ಬ ಗಾಳಿಕನ್ಯೆಯ ಹಿಂದೆ ಓಡಿಹೋಗಿ ಎರಡೂ ಕಡೆ ಕಳೆದುಕೊಳ್ಳುವ ಕಥೆ ಅದು. ಮೊದಲು ಪ್ಯಾರಿಸಿನಲ್ಲಿ 1832ರಲ್ಲಿ ಫಿಲಿಪ್ಪೊ ತಾಲ್ಯೋನಿ ಇದನ್ನು ರಂಗಕ್ಕೆ ತಂದರು. ಅದನ್ನು ಕೋಪನ್‌ಹೇಗನ್ನಿಗೆ ತರಬೇಕೆಂದು ಬೂರ್ನನ್‌ವಿಲ್ ಹೊರಟಾಗ ಮೂಲ ಸಂಗೀತಕ್ಕೆ ತೆರಬೇಕಾದ ಬೆಲೆ ದುಬಾರಿಯಾಯಿತು. ಹೀಗಾಗಿ ಹರ್ಮನ್ ಲೊವೆನ್‌ಶೋಲ್ಡ್ ಎಂಬ ಯುವಕನಿಂದ ಹೊಸ ಸಂಗೀತ ಬರೆಸಿ, ಹೆಜ್ಜೆಗಳನ್ನೂ ತಾವೇ ಹೊಸದಾಗಿ ಕಟ್ಟಿ, 1836ರಲ್ಲಿ ಪ್ರದರ್ಶಿಸಿದರು.

ಮುಂದೆ ಆದದ್ದು ಸೋಜಿಗ. ಪ್ಯಾರಿಸಿನ ಮೂಲ ಕೃತಿ ರಂಗದಿಂದ ಮಾಯವಾಯಿತು. ಅದನ್ನು ಹಳೆಯ ದಾಖಲೆಗಳಿಂದ ಪುನಃ ಕಟ್ಟಲು ಪಿಯೆರ್ ಲಕೋತ್ ಎಂಬ ನೃತ್ಯ ಸಂಯೋಜಕರು 1970ರ ದಶಕದಲ್ಲಿ ಹೆಣಗಬೇಕಾಯಿತು. ಕೋಪನ್‌ಹೇಗನ್ನಿನ ಕೃತಿಯಾದರೋ ಇಂದಿಗೂ ಜೀವಂತವಾಗಿದೆ. ವೆಸ್ಟ್ರಿಸ್ ಕಲಿಸಿದ ಫ್ರೆಂಚ್ ಶೈಲಿ ಫ್ರಾನ್ಸಿನಲ್ಲೇ ಬದಲಾಗಿಹೋಯಿತು; ದೂರದ ಪುಟ್ಟ ದೇಶವೊಂದರ ರಂಗಮಂದಿರದಲ್ಲಿ ಉಳಿಯಿತು.

ಇದಕ್ಕೆ ಕಾರಣಗಳಿವೆ. ಡೆನ್ಮಾರ್ಕ್ ಚಿಕ್ಕ ದೇಶ. ಅಲ್ಲಿನ ಬ್ಯಾಲೆ ಅರಮನೆಯ ಆಶ್ರಯದಲ್ಲಿತ್ತು, ದೊಡ್ಡ ಪೇಟೆಯ ಪೈಪೋಟಿ ಅದಕ್ಕಿರಲಿಲ್ಲ. 1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯದ ಎದುರು ಯುದ್ಧದಲ್ಲಿ ಸೋತು ಷ್ಲೆಸ್‌ವಿಗ್ ಹಾಗೂ ಹೋಲ್‌ಸ್ಟೈನ್ ಪ್ರಾಂತ್ಯಗಳನ್ನು ಕಳೆದುಕೊಂಡ ದೇಶ, ತನ್ನದೆಂದು ಉಳಿದದ್ದನ್ನು ಬಿಗಿಯಾಗಿ ಹಿಡಿದುಕೊಂಡಿತು. 1854ರ 'ಜನಪದ ಕಥೆ' ಎಂಬ ಬೂರ್ನನ್‌ವಿಲ್ ಬ್ಯಾಲೆಗೆ ನೀಲ್ಸ್ ಗಾದೆ ಬರೆದ ವಾಲ್ಟ್ಸ್ ಸಂಗೀತಕ್ಕೆ ಡೆನ್ಮಾರ್ಕಿನ ಮದುವೆಗಳಲ್ಲಿ ಇಂದಿಗೂ ವಧೂವರರು ಹೆಜ್ಜೆ ಹಾಕುತ್ತಾರೆ. ಬ್ಯಾಲೆಯನ್ನು ಒಮ್ಮೆಯೂ ನೋಡದವರಿಗೂ ಆ ರಾಗ ಗೊತ್ತು.

ಕಷ್ಟವನ್ನು ಮುಚ್ಚಿಡುವ ಶೈಲಿ

ಬೂರ್ನನ್‌ವಿಲ್ ಶೈಲಿಯ ವಿಶೇಷವೇನು? ನಾವು ಚಿತ್ರಗಳಲ್ಲಿ ಕಾಣುವ ಬ್ಯಾಲೆ ಹೆಚ್ಚಾಗಿ ರಷ್ಯನ್ ಮಾದರಿಯದು. ಕಾಲು ಕಿವಿಯ ಮಟ್ಟಕ್ಕೆ ಏರುತ್ತದೆ, ನರ್ತಕಿಯನ್ನು ನರ್ತಕ ತಲೆಯ ಮೇಲಕ್ಕೆ ಎತ್ತುತ್ತಾನೆ, ಒಂದು ದೊಡ್ಡ ನೆಗೆತಕ್ಕೆ ಮುನ್ನ ಸಿದ್ಧತೆ ಕಾಣುತ್ತದೆ, ಮುಗಿದ ಮೇಲೆ ಚಪ್ಪಾಳೆಗೆ ಬಿಡುವು ಇರುತ್ತದೆ. ಡ್ಯಾನಿಷ್ ಶೈಲಿಯಲ್ಲಿ ಇವೆಲ್ಲ ಕಡಿಮೆ. ಕೈಗಳು ಹೆಚ್ಚಿನ ಹೊತ್ತು ತಗ್ಗಿಯೇ ಇರುತ್ತವೆ. ಪಾದಗಳು ಮಾತ್ರ ಬಿಡುವಿಲ್ಲದೆ ಸಣ್ಣ ಸಣ್ಣ ಹೆಜ್ಜೆಗಳನ್ನು ಹೆಣೆಯುತ್ತವೆ. ನೆಲ ಮುಟ್ಟಿದ ಕ್ಷಣವೇ ಚೆಂಡಿನಂತೆ ಮತ್ತೆ ಮೇಲೇಳಬೇಕು. ಉಸಿರು ಕಟ್ಟುತ್ತಿದ್ದರೂ ಮುಖದಲ್ಲಿ ಅದು ಕಾಣಬಾರದು. ಕಷ್ಟವಿರುವುದು ತೋರದಂತೆ ಮಾಡುವುದೇ ಇಲ್ಲಿನ ಕಷ್ಟ.

ಇನ್ನೊಂದು ವಿಶೇಷ, ಗಂಡು ನರ್ತಕನ ಸ್ಥಾನ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ನರ್ತಕಿಯೇ ದೇವತೆಯಾಗಿ, ನರ್ತಕ ಅವಳನ್ನು ಹಿಡಿದು ನಿಲ್ಲುವ ಊರುಗೋಲಾದ. ಬೂರ್ನನ್‌ವಿಲ್ ತಾವೇ ನರ್ತಕರಾದ್ದರಿಂದ ಹಾಗಾಗಲು ಬಿಡಲಿಲ್ಲ. ಅವರ ಕೃತಿಗಳಲ್ಲಿ ಇಬ್ಬರಿಗೂ ಸಮಪಾಲು. ಮೂರನೆಯದು ಅಭಿನಯ. ಕೈ, ಕಣ್ಣು, ನಿಲುವುಗಳಿಂದಲೇ ಕಥೆ ಹೇಳುವ ಮೂಕಾಭಿನಯ ಅಲ್ಲಿ ಕುಣಿತದಷ್ಟೇ ಮುಖ್ಯ. ನೆಗೆಯುವ ವಯಸ್ಸು ದಾಟಿದ ಹಿರಿಯರು ಮಾಟಗಾತಿಯಾಗಿ, ತಾಯಿಯಾಗಿ, ಊರ ಹಿರಿಯನಾಗಿ ರಂಗಕ್ಕೆ ಮರಳುತ್ತಾರೆ. ಏಳೆಂಟು ವರ್ಷದ ಮಕ್ಕಳಿಂದ ಹಿಡಿದು ನರೆಗೂದಲಿನವರವರೆಗೆ ಎಲ್ಲರೂ ಒಂದೇ ರಂಗದ ಮೇಲೆ ಇರುವುದು ಈ ಸಂಸ್ಥೆಯ ಸೊಬಗು.

ಆರು ದಿನ, ಆರು ಪಾಠ

1879ರ ನವೆಂಬರ್ 28ರಂದು ಹಾನ್ಸ್ ಬೆಕ್ ಎಂಬ ಹದಿನೆಂಟರ ತರುಣ ಮೊದಲ ಬಾರಿಗೆ ಪ್ರಮುಖ ನರ್ತಕನಾಗಿ ರಂಗವೇರಿದ. ವೃದ್ಧ ಬೂರ್ನನ್‌ವಿಲ್ ಅದನ್ನು ಕಂಡರು. ಎರಡೇ ದಿನಗಳಲ್ಲಿ ತೀರಿಕೊಂಡರು.

ಗುರು ಹೋದ ಮೇಲೆ ಉಳಿದದ್ದೇನು? ಪಿಟೀಲಿನ ಸ್ವರಲಿಪಿಯ ಹಾಳೆಗಳಲ್ಲಿ ಅವರು ಅಲ್ಲಲ್ಲಿ ಗೀಚಿಟ್ಟ ಹೆಜ್ಜೆಗಳ ಟಿಪ್ಪಣಿ, ಕೆಲವು ಬರಹಗಳು, ಮತ್ತು ಶಿಷ್ಯರ ನೆನಪು. ನೃತ್ಯಕ್ಕೆ ಸಂಗೀತದಂತೆ ಎಲ್ಲರೂ ಓದಬಲ್ಲ ಲಿಪಿಯಿಲ್ಲ. ಕುಣಿಯುವವರು ಮರೆತರೆ ಕೃತಿಯೇ ಇಲ್ಲ. ಈ ಭಯದಿಂದಲೇ ಬೆಕ್ ಮತ್ತು ಅವರ ಕಾಲದವರು ಗುರುಗಳ ತರಗತಿಗಳಿಂದ, ಬ್ಯಾಲೆಗಳಿಂದ ನೆನಪಿದ್ದ ಹೆಜ್ಜೆಗಳನ್ನು ಆಯ್ದು ಆರು ಪಾಠಗಳನ್ನಾಗಿ ಕಟ್ಟಿದರು. ಸೋಮವಾರಕ್ಕೆ ಒಂದು, ಮಂಗಳವಾರಕ್ಕೆ ಒಂದು, ಹೀಗೆ ಶನಿವಾರದವರೆಗೆ. ಪ್ರತಿ ಪಾಠಕ್ಕೂ ಗೊತ್ತಾದ ಸಂಗೀತ, ಗೊತ್ತಾದ ಕ್ರಮ. 1894ರಿಂದ 1915ರವರೆಗೆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಬೆಕ್ ಅವುಗಳನ್ನೇ ದಿನನಿತ್ಯದ ತಾಲೀಮಾಗಿಸಿದರು.

ಈ ಆರು ಪಾಠಗಳೇ ಬೂರ್ನನ್‌ವಿಲ್ ಶೈಲಿಯನ್ನು ಉಳಿಸಿದವು. ಆದರೆ ಅವುಗಳಿಂದ ತೊಂದರೆಯೂ ಆಯಿತು. ಬೂರ್ನನ್‌ವಿಲ್ ತಾವು ಬದುಕಿದ್ದಾಗ ಒಂದೇ ಪಾಠವನ್ನು ವರ್ಷಗಟ್ಟಲೆ ಒಪ್ಪಿಸಿದವರಲ್ಲ. ಎದುರಿಗಿದ್ದ ಶಿಷ್ಯನಿಗೆ ತಕ್ಕಂತೆ ಹೊಸದನ್ನು ಕಟ್ಟುತ್ತಿದ್ದರು. ಶಿಷ್ಯರ ಕೈಯಲ್ಲಿ ಅದು ಬಾಯಿಪಾಠವಾಯಿತು. ಸೋಮವಾರ ಬಂದರೆ ಸೋಮವಾರದ ಹೆಜ್ಜೆಗಳೇ, ಹತ್ತು ವರ್ಷ ಕಳೆದರೂ ಅವೇ. ಕಲಿತದ್ದನ್ನು ಚೊಕ್ಕವಾಗಿ ಮಾಡುವ ನರ್ತಕರಿಗೆ ಅದರಾಚೆಯ ಚಲನೆಗಳು ಕಬ್ಬಿಣದ ಕಡಲೆಯಾದವು.

ಹಾಗೆಂದು ಬೆಕ್ ಅವರನ್ನು ಬರೀ ಕಾವಲುಗಾರ ಎನ್ನುವಂತಿಲ್ಲ. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವರ 'ಪುಟ್ಟ ಮತ್ಸ್ಯಕನ್ಯೆ' ಕಥೆಯನ್ನು 1909ರಲ್ಲಿ ಹೊಸ ಬ್ಯಾಲೆಯಾಗಿ ತಂದವರು ಅವರೇ. ಅದರಲ್ಲಿ ಎಲ್ಲೆನ್ ಪ್ರೈಸ್ ಅವರ ನೃತ್ಯ ಕಂಡು ಮನಸೋತ ಬಿಯರ್ ಉದ್ಯಮಿ ಕಾರ್ಲ್ ಯಾಕೋಬ್‌ಸನ್ ಒಂದು ಶಿಲ್ಪ ಮಾಡಿಸಿದರು. ಕೋಪನ್‌ಹೇಗನ್ನಿನ ಬಂದರಿನ ಬಂಡೆಯ ಮೇಲೆ 1913ರಿಂದ ಕುಳಿತಿರುವ, ಪ್ರವಾಸಿಗರೆಲ್ಲ ಚಿತ್ರ ತೆಗೆಯುವ ಆ ಮತ್ಸ್ಯಕನ್ಯೆಯ ಮುಖ ಈ ನರ್ತಕಿಯದೇ. ಡೆನ್ಮಾರ್ಕಿನ ಗುರುತೇ ಆಗಿಹೋದ ಆ ವಿಗ್ರಹ ಹುಟ್ಟಿದ್ದು ಪರಂಪರೆಯ ಕಾವಲುಗಾರ ಕಟ್ಟಿದ ಹೊಸ ಕೃತಿಯಿಂದ.

ಕಿಟಕಿ ತೆರೆದವರು

ಹೊರಗಿನ ಗಾಳಿ ಒಳಬರಲು ಇನ್ನಷ್ಟು ಕಾಲ ಬೇಕಾಯಿತು. 1925ರಲ್ಲಿ ರಷ್ಯದ ಮಿಖಾಯಿಲ್ ಫೋಕಿನ್ ಬಂದು ತಮ್ಮ ಕೃತಿಗಳನ್ನು ಕಲಿಸಿದರು. 1930ರಲ್ಲಿ ಜಾರ್ಜ್ ಬಾಲಂಚಿನ್ ಅತಿಥಿಯಾಗಿ ಬಂದರು. 1932ರಲ್ಲಿ ಹರಾಲ್ಡ್ ಲ್ಯಾಂಡರ್ ಮುಖ್ಯಸ್ಥರಾದರು. ಲ್ಯಾಂಡರ್ ಏಕಕಾಲಕ್ಕೆ ಎರಡು ಕೆಲಸ ಮಾಡಿದರು. ಒಂದು ಕಡೆ, ಬೆಕ್ ಅವರ ಜೊತೆ ಕುಣಿದಿದ್ದ ವಾಲ್ಬೋರ್ಗ್ ಬೋರ್ಕ್‌ಸೇನಿಯಸ್ ಎಂಬ ಹಿರಿಯ ನರ್ತಕಿಯ ನೆನಪಿನ ನೆರವಿನಿಂದ ಮರೆಯಾಗುತ್ತಿದ್ದ ಬೂರ್ನನ್‌ವಿಲ್ ಕೃತಿಗಳನ್ನು ಮತ್ತೆ ರಂಗಕ್ಕೆ ತಂದರು. ಇನ್ನೊಂದು ಕಡೆ, ತಾಲೀಮನ್ನು ಬದಲಿಸಿ ಹೊಸ ಬ್ಯಾಲೆಗಳನ್ನು ಕಟ್ಟಿದರು. 1948ರಲ್ಲಿ ಅವರು ರಚಿಸಿದ 'ಎಟ್ಯೂಡ್ಸ್' ತರಗತಿಯ ಸರಳ ಅಭ್ಯಾಸದಿಂದ ಆರಂಭವಾಗಿ ಮಿಂಚಿನಂಥ ನೆಗೆತಗಳವರೆಗೆ ಏರುವ ಕೃತಿ. ಇಂದು ಅನೇಕ ದೇಶಗಳ ನೃತ್ಯ ಸಂಸ್ಥೆಗಳು ಅದನ್ನು ಪ್ರದರ್ಶಿಸುತ್ತವೆ.

ಲ್ಯಾಂಡರ್ 1951ರಲ್ಲಿ ನಿರ್ಗಮಿಸಿದರು. ಅದೇ ವರ್ಷ ರಷ್ಯದ ಮಹಾಗುರು ಅಗ್ರಿಪ್ಪಿನಾ ವಗಾನೋವಾ ಅವರ ಶಿಷ್ಯೆ ವೆರಾ ವೋಲ್ಕೋವಾ ಶಿಕ್ಷಕಿಯಾಗಿ ಬಂದರು. 1975ರಲ್ಲಿ ಸಾಯುವವರೆಗೂ ಅವರು ಅಲ್ಲೇ ಕಲಿಸಿದರು. ಡ್ಯಾನಿಷ್ ಪಾದಗಳ ಚುರುಕು, ರಷ್ಯನ್ ಬೆನ್ನಿನ ಬಲ ಎರಡೂ ಕೂಡಿದ ಪೀಳಿಗೆ ಸಿದ್ಧವಾಯಿತು. ಎರಿಕ್ ಬ್ರೂನ್ ಇಪ್ಪತ್ತನೆಯ ಶತಮಾನದ ಶ್ರೇಷ್ಠ ನರ್ತಕರಲ್ಲಿ ಒಬ್ಬರೆನಿಸಿದರು. 1961ರಲ್ಲಿ ಸೋವಿಯತ್ ದೇಶ ತೊರೆದ ರುಡಾಲ್ಫ್ ನುರಿಯೆವ್ ಅದೇ ವರ್ಷ ಕೋಪನ್‌ಹೇಗನ್ನಿಗೆ ಬಂದದ್ದು ಬ್ರೂನ್ ಅವರನ್ನು ಕಾಣಲು, ವೋಲ್ಕೋವಾ ಬಳಿ ಕಲಿಯಲು. 1956ರಲ್ಲಿ ಸಂಸ್ಥೆ ಮೊದಲ ಬಾರಿಗೆ ಅಮೆರಿಕ ಪ್ರವಾಸ ಮಾಡಿದ ಮೇಲೆ ಡ್ಯಾನಿಷ್ ಶೈಲಿಗೆ ಜಗತ್ತಿನ ಮಾನ್ಯತೆ ದೊರೆಯಿತು.

1966ರಲ್ಲಿ ನಿರ್ದೇಶಕರಾದ ಫ್ಲೆಮಿಂಗ್ ಫ್ಲಿಂಟ್ ಕಿಟಕಿಯ ಜೊತೆಗೆ ಬಾಗಿಲನ್ನೂ ತೆರೆದರು. ನಾಟಕಕಾರ ಅಯನೆಸ್ಕೋ ಅವರ ಕೃತಿಗಳನ್ನು ಆಧರಿಸಿ ಬ್ಯಾಲೆ ಕಟ್ಟಿದರು. 1972ರಲ್ಲಿ ರಂಗಕ್ಕೆ ಬಂದ 'ಮೃತ್ಯುವಿನ ವಿಜಯ'ದಲ್ಲಿ ರಾಕ್ ಸಂಗೀತವಿತ್ತು, ನಗ್ನ ನರ್ತಕರಿದ್ದರು. ರಾಜಾಶ್ರಯದ ರಂಗಮಂದಿರದಲ್ಲಿ ಹೀಗೂ ಉಂಟೆ ಎಂದವರಿದ್ದರು. ಆದರೆ ಬ್ಯಾಲೆಯತ್ತ ತಿರುಗಿ ನೋಡದಿದ್ದ ಯುವಜನ ಟಿಕೆಟ್ಟಿಗೆ ಮುಗಿಬಿದ್ದರು.

ಅಳಿದುಳಿದದ್ದರ ಲೆಕ್ಕ

1979ರಲ್ಲಿ ಬೂರ್ನನ್‌ವಿಲ್ ನಿಧನದ ನೂರನೆಯ ವರ್ಷ. ಸಂಸ್ಥೆ ಅವರ ಉಳಿದಿರುವ ಕೃತಿಗಳನ್ನೆಲ್ಲ ಒಟ್ಟಿಗೆ ಪ್ರದರ್ಶಿಸುವ ಉತ್ಸವ ನಡೆಸಿತು. ಹೊರದೇಶಗಳ ವಿಮರ್ಶಕರು ಕೋಪನ್‌ಹೇಗನ್ನಿನಲ್ಲಿ ನೆರೆದರು. ಸಂಭ್ರಮದ ಹಿಂದೆ ಒಂದು ನೋವಿನ ಲೆಕ್ಕವೂ ಇತ್ತು. ಸುಮಾರು ಐವತ್ತು ಬ್ಯಾಲೆಗಳಲ್ಲಿ ಪೂರ್ತಿಯಾಗಿ ಉಳಿದವು ಹತ್ತಕ್ಕೂ ಕಡಿಮೆ. ಉಳಿದವುಗಳಲ್ಲಿ ಕೆಲವದರ ಒಂದೊಂದು ಕುಣಿತ ಸಿಕ್ಕಿದೆ. ಬಹುಪಾಲು ಹೆಸರಾಗಿ ಮಾತ್ರ ಇವೆ. ಯಾರೂ ಅವುಗಳನ್ನು ಬೇಕೆಂದು ನಾಶ ಮಾಡಲಿಲ್ಲ. ಕೆಲವು ವರ್ಷ ಪ್ರದರ್ಶನ ನಿಂತಿತು, ಬಲ್ಲವರು ತೀರಿಕೊಂಡರು, ಅಷ್ಟೆ.

ಅದೇ 1979ರಲ್ಲಿ ಕಿರ್ಸ್ಟನ್ ರಾಲೊವ್ ಎಂಬ ನರ್ತಕಿ ಆರು ಪಾಠಗಳನ್ನು ಬರಹ ಹಾಗೂ ನೃತ್ಯಲಿಪಿಗಳಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1992ರಲ್ಲಿ ಎರಡನೆಯ ಉತ್ಸವ, ಹುಟ್ಟಿದ ಇನ್ನೂರನೆಯ ವರ್ಷವಾದ 2005ರಲ್ಲಿ ಮೂರನೆಯ ಉತ್ಸವ ನಡೆದವು. ಆ ವರ್ಷ ಪಾಠಗಳನ್ನು ಚಿತ್ರೀಕರಿಸಿ ಡಿವಿಡಿಯಾಗಿ ಹೊರತಂದದ್ದೂ ಉಂಟು.

2005 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಕಥೆಗಾರ ಆಂಡರ್ಸನ್ ಹುಟ್ಟಿದ್ದೂ 1805ರಲ್ಲೇ. ಜೂನ್ ತಿಂಗಳಲ್ಲಿ ಬೂರ್ನನ್‌ವಿಲ್ ಉತ್ಸವ ನಡೆಯುವ ಮುನ್ನ, ಏಪ್ರಿಲ್‌ನಲ್ಲಿ, ಬಂದರಿನ ಆಚೆ ದಡದಲ್ಲಿ ಆಗಷ್ಟೇ ತೆರೆದಿದ್ದ ಹೊಸ ಒಪೆರಾ ಭವನದಲ್ಲಿ ಜಾನ್ ನೊಯ್‌ಮಾಯರ್ ಅವರ ಹೊಸ 'ಪುಟ್ಟ ಮತ್ಸ್ಯಕನ್ಯೆ' ಪ್ರದರ್ಶನಗೊಂಡಿತು. ಸಂಗೀತ ಲೆರಾ ಔವರ್‌ಬಾಕ್ ಅವರದು. ಬೆಕ್ ಕೃತಿಗೆ ಯಾವ ಸಂಬಂಧವೂ ಇಲ್ಲದ, ಕಟು ನೋವಿನ ಬ್ಯಾಲೆ ಅದು. ಒಂದೇ ಸಂಸ್ಥೆ ಒಂದೇ ಋತುವಿನಲ್ಲಿ ಎರಡಕ್ಕೂ ಮೈಯೊಡ್ಡಿತು.

ಮುಟ್ಟಬಹುದಾದದ್ದು, ಬಿಡಬಹುದಾದದ್ದು

2008ರಲ್ಲಿ ನಿಕೊಲಾಯ್ ಹ್ಯೂಬೆ ನಿರ್ದೇಶಕರಾದರು. ಕೋಪನ್‌ಹೇಗನ್ನಿನ ಶಾಲೆಯಲ್ಲೇ ಬೆಳೆದು, 1992ರಿಂದ ನ್ಯೂಯಾರ್ಕ್ ಸಿಟಿ ಬ್ಯಾಲೆಯಲ್ಲಿ ಕುಣಿದು ಹೆಸರು ಮಾಡಿದವರು. ಮರುವರ್ಷವೇ ಅವರು ಸೊರೆಲ್ಲಾ ಎಂಗ್ಲುಂಡ್ ಅವರೊಂದಿಗೆ 'ನಪೋಲಿ'ಗೆ ಕೈ ಹಾಕಿದರು.

'ನಪೋಲಿ'ಯ ಹುಟ್ಟಿನ ಹಿಂದೆ ಒಂದು ಕಥೆಯಿದೆ. 1841ರಲ್ಲಿ ಒಂದು ಸಂಜೆ ಬೂರ್ನನ್‌ವಿಲ್ ಕುಣಿಯುತ್ತಿದ್ದಾಗ ಸಭಿಕರಲ್ಲಿ ಕೆಲವರು ಕೂಗಾಡಿ ಅಡ್ಡಿಪಡಿಸಿದರು. ಅವರು ಕುಣಿತ ನಿಲ್ಲಿಸಿ, ಮುಂದುವರಿಸಲೆ ಎಂದು ನೇರವಾಗಿ ದೊರೆ ಎಂಟನೇ ಕ್ರಿಶ್ಚಿಯನ್ ಅವರನ್ನೇ ಕೇಳಿಬಿಟ್ಟರು. ತುಂಬಿದ ಸಭೆಯಲ್ಲಿ ಅರಸನನ್ನು ಮಾತಿಗೆಳೆದದ್ದು ಅಪರಾಧವಾಯಿತು. ಆರು ತಿಂಗಳು ದೂರವಿರಬೇಕಾದ ಅವರು ಇಟಲಿಗೆ ಹೋದರು. ಅಲ್ಲಿನ ಬಿಸಿಲು, ಬೀದಿ, ಬೆಸ್ತರ ಬದುಕು ಕಂಡು ಬಂದು ಕಟ್ಟಿದ್ದೇ 'ನಪೋಲಿ'.

ಮೊದಲ ಅಂಕದಲ್ಲಿ ಬಿರುಗಾಳಿಗೆ ಸಿಕ್ಕಿ ತೆರೆಸಿನಾ ಕಡಲುಪಾಲಾಗುತ್ತಾಳೆ. ಎರಡನೆಯದರಲ್ಲಿ ಕಡಲರಾಜ ಅವಳನ್ನು ನೀಲಿ ಗುಹೆಯಲ್ಲಿ ಜಲಕನ್ಯೆಯನ್ನಾಗಿಸುತ್ತಾನೆ. ಜೆನಾರೊ ಬಿಡಿಸಿ ತರುತ್ತಾನೆ. ಮೂರನೆಯದು ಹಬ್ಬ. ಮೊದಲ ಹಾಗೂ ಕೊನೆಯ ಅಂಕಗಳಿಗೆ ಜನ ಮುಗಿಬಿದ್ದರೂ ನಡುವಿನದು ಯಾವತ್ತೂ ಸಪ್ಪೆ ಎನಿಸಿಕೊಂಡಿತ್ತು. ಆ ಹೊತ್ತಿನಲ್ಲಿ ಪ್ರೇಕ್ಷಕರು ಪಕ್ಕದ ಬ್ರೋನುಮ್ ಎಂಬ ಹೋಟೆಲಿಗೆ ಎದ್ದುಹೋಗುತ್ತಿದ್ದರಂತೆ. ಅದಕ್ಕೆ 'ಬ್ರೋನುಮ್ ಅಂಕ' ಎಂಬ ಅಡ್ಡಹೆಸರೇ ಬಿತ್ತು.

ಹ್ಯೂಬೆ ಕಥೆಯನ್ನು 1950ರ ದಶಕದ ನೇಪಲ್ಸ್ ನಗರಕ್ಕೆ, ಫೆಲಿನಿ ಸಿನಿಮಾಗಳ ಜಗತ್ತಿಗೆ ತಂದರು. ಎರಡನೆಯ ಅಂಕಕ್ಕೆ ಲೂಯಿಸ್ ಅಲೆನಿಯಸ್ ಅವರಿಂದ ಹೊಸ ಸಂಗೀತ ಬರೆಸಿ, ಹೊಸ ನೃತ್ಯ ಕಟ್ಟಿದರು. ಮೂರನೆಯ ಅಂಕದ ಕುಣಿತಗಳನ್ನು ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೆಯೇ ಉಳಿಸಿಕೊಂಡರು. ವಿಮರ್ಶಕರು ಒಮ್ಮತಕ್ಕೆ ಬರಲಿಲ್ಲ. ಕೃತಿಗೆ ಮತ್ತೆ ಉಸಿರು ಬಂತು ಎಂದವರಿದ್ದರು. ಕಾಲ ಬದಲಿಸಿದರೆ ಬೂರ್ನನ್‌ವಿಲ್‌ನ ಮುಗ್ಧತೆ ಉಳಿಯದು ಎಂದವರೂ ಇದ್ದರು. 2011ರಲ್ಲಿ 'ಜನಪದ ಕಥೆ'ಯೂ ಹೊಸ ರೂಪ ಪಡೆಯಿತು. 1991ರಲ್ಲಿ ಅದಕ್ಕೆ ರಂಗಸಜ್ಜಿಕೆ, ಉಡುಪುಗಳನ್ನು ವಿನ್ಯಾಸಗೊಳಿಸಿದ್ದವರು ಬೇರೆ ಯಾರೂ ಅಲ್ಲ, ಆಗ ಸಿಂಹಾಸನದಲ್ಲಿದ್ದ ರಾಣಿ ಎರಡನೇ ಮಾರ್ಗರೆಟ್. ರಾಣಿಯ ಕೈಕೆಲಸಕ್ಕೂ ಇಪ್ಪತ್ತು ವರ್ಷಗಳಲ್ಲಿ ಬದಲಾವಣೆ ತಪ್ಪಲಿಲ್ಲ.

ಬದಲಾಯಿಸದೆ ವಿಧಿಯಿಲ್ಲದ ಕಡೆಯೂ ಇದೆ. 1860ರ 'ಡೆನ್ಮಾರ್ಕಿನಿಂದ ದೂರ' ಎಂಬ ಬ್ಯಾಲೆ ಅರ್ಜೆಂಟೀನದ ತೀರದಲ್ಲಿ ತಂಗಿದ ಡ್ಯಾನಿಷ್ ಹಡಗಿನ ಕಥೆ. ಅದರಲ್ಲಿ ಐರೋಪ್ಯ ನರ್ತಕರು ಮುಖಕ್ಕೆ ಬಣ್ಣ ಬಳಿದುಕೊಂಡು ಬೇರೆ ಜನಾಂಗದವರನ್ನು ಅನುಕರಿಸುವ ದೃಶ್ಯಗಳಿವೆ. ಅಂದು ವಿನೋದವಾಗಿದ್ದದ್ದು ಇಂದು ಅವಮಾನ. ಹಾಗೆಂದು ಪ್ರದರ್ಶನವನ್ನೇ ನಿಲ್ಲಿಸಿದರೆ, ಒಂದು ಪೀಳಿಗೆ ಕಳೆಯುವಷ್ಟರಲ್ಲಿ ಅದರ ಕುಣಿತಗಳೂ ಅಳಿದುಹೋದ ನಲವತ್ತರ ಸಾಲಿಗೆ ಸೇರುತ್ತವೆ. ಹಳೆಯ ಪುಸ್ತಕವನ್ನು ಓದದೆ ಕಪಾಟಿನಲ್ಲಿ ಇಟ್ಟಿರಬಹುದು. ಬ್ಯಾಲೆಗೆ ಆ ಅನುಕೂಲವಿಲ್ಲ.

ಬೆಳಗಿನ ಒಂದೂವರೆ ಗಂಟೆ

ಪರಂಪರೆ ಮತ್ತು ಪ್ರಯೋಗದ ಜಗಳ ಹೆಚ್ಚಾಗಿ ರಂಗದ ಮೇಲಿನ ಕೃತಿಗಳ ಕುರಿತೇ ನಡೆಯುತ್ತದೆ. ಯಾವ ಬ್ಯಾಲೆ ಇರಬೇಕು, ಯಾರ ಉಡುಪು ಬದಲಾಗಬೇಕು ಎಂಬ ಚರ್ಚೆ ಪತ್ರಿಕೆಗಳಲ್ಲಿ ಬರುತ್ತದೆ. ನಿಜವಾದ ತೀರ್ಮಾನ ಆಗುವುದು ಪ್ರೇಕ್ಷಕರಿಲ್ಲದ ತಾಲೀಮಿನ ಕೋಣೆಯಲ್ಲಿ. ನರ್ತಕರ ದಿನ ಆರಂಭವಾಗುವುದು ಸುಮಾರು ಒಂದೂವರೆ ಗಂಟೆಯ ತರಗತಿಯಿಂದ. ಆ ಹೊತ್ತಿನಲ್ಲಿ ಯಾವ ಶೈಲಿಯನ್ನು ಕಲಿಸಬೇಕು?

ಇಂದಿನ ನರ್ತಕರು ಬಾಲಂಚಿನ್, ನೊಯ್‌ಮಾಯರ್ ಕೃತಿಗಳನ್ನೂ ಕುಣಿಯಬೇಕು; ರಷ್ಯನ್ 'ಸ್ವಾನ್ ಲೇಕ್' ಅನ್ನೂ ಕುಣಿಯಬೇಕು. ಎತ್ತರಕ್ಕೆ ಏರುವ ಕಾಲು, ಅಗಲವಾಗಿ ಚಾಚುವ ತೋಳು ಅಲ್ಲಿ ಬೇಕು. ಬೂರ್ನನ್‌ವಿಲ್‌ಗೆ ತಗ್ಗಿದ ತೋಳು, ಬಿಡುವಿಲ್ಲದ ಪಾದ ಬೇಕು. ಮಾಂಸಖಂಡಗಳಿಗೆ ಎರಡೂ ಅಭ್ಯಾಸವಾಗಲು ಸಮಯ ಬೇಕು, ಸಮಯ ಮಾತ್ರ ಒಂದೇ. ಜೊತೆಗೆ, ಹಿಂದೆ ನರ್ತಕರೆಲ್ಲ ಅದೇ ಶಾಲೆಯ ಮಕ್ಕಳಾಗಿದ್ದರು. ಈಗ ಹಲವು ದೇಶಗಳಿಂದ ಬಂದವರಿದ್ದಾರೆ. ಅವರು ಸೇತುವೆಯ ಮೇಲೆ ನಿಂತು ನೋಡುತ್ತ ಬೆಳೆದವರಲ್ಲ. ಹ್ಯೂಬೆ ಅವರ ನಂತರ 2024ರಲ್ಲಿ ಸಂಸ್ಥೆಯ ಹೊಣೆ ಹೊತ್ತ ಏಮಿ ವಾಟ್ಸನ್ ಅವರೇ ಅಮೆರಿಕದಿಂದ ಬಂದು ಇಲ್ಲಿ ಪ್ರಮುಖ ನರ್ತಕಿಯಾದವರು. ಹೊರಗಿನಿಂದ ಬಂದವರು ಈ ಶೈಲಿಯನ್ನು ಕಲಿಯಬಲ್ಲರು ಎಂಬುದಕ್ಕೆ ಅವರೇ ಸಾಕ್ಷಿ. ಆದರೆ ಅದನ್ನು ಯಾರಾದರೂ ಕಲಿಸಬೇಕು, ಅದಕ್ಕಾಗಿ ಗಂಟೆಗಳನ್ನು ಮೀಸಲಿಡಬೇಕು.

ಅಪ್ಪ ಹಾಕಿದ ಆಲದ ಮರ ಎಂದು ಅದಕ್ಕೇ ಜೋತುಬೀಳಬಾರದು ಎಂಬ ಮಾತು ನಮ್ಮಲ್ಲಿದೆ. ಬೆಕ್ ಕಾಲದ ನಂತರದ ಡೇನರಿಗೆ ಆ ಮಾತು ಅನ್ವಯಿಸುತ್ತಿತ್ತು. ಇಂದಿನ ಅಪಾಯ ಬೇರೆ. ಮರಕ್ಕೆ ಜೋತುಬೀಳುವವರು ಕಡಿಮೆಯಾಗಿದ್ದಾರೆ. ನೀರೆರೆಯಲು ಬಿಡುವಿರುವವರೂ ಕಡಿಮೆಯಾಗಬಹುದು. ಪುಸ್ತಕ, ಲಿಪಿ, ಡಿವಿಡಿಗಳಲ್ಲಿ ಹೆಜ್ಜೆಗಳ ಕ್ರಮ ಸಿಗುತ್ತದೆ. ನೆಗೆದ ಮೇಲೆ ನಗುಮುಖದಿಂದ ಇಳಿಯುವುದು ಹೇಗೆ ಎಂಬುದನ್ನು ಇಳಿದು ಬಲ್ಲವರೇ ತೋರಿಸಬೇಕು.

ರಾಯಲ್ ಥಿಯೇಟರಿನ ಹಳೆಯ ರಂಗಮಂದಿರದಲ್ಲಿ ತೆರೆಯ ಮೇಲ್ಭಾಗದಲ್ಲಿ ಡ್ಯಾನಿಷ್ ಭಾಷೆಯಲ್ಲಿ ಒಂದು ಬರಹವಿದೆ: ಬರೀ ಮೋಜಿಗಲ್ಲ. ಆ ಬರಹದ ಕೆಳಗೆ 'ನಪೋಲಿ' ನಡೆದ ಸಂಜೆಗಳಲ್ಲಿ ಮಕ್ಕಳು ಮೇಲೆ ನಿಂತು ದೊಡ್ಡವರ ಪಾದಗಳನ್ನೇ ನೋಡುತ್ತಿರುತ್ತಾರೆ. ಪ್ರೇಕ್ಷಕರಿಗೆ ಅದು ದೃಶ್ಯದ ಒಂದು ಮೂಲೆ. ಆ ಮಕ್ಕಳಿಗೆ ಅದು ಪಾಠ.